ತಾರೀಖಿಲ್ಲದ ಕಟಿಂಗ್‌ಗಳು: ಮಂಡ್ಯದ ಒಬ್ಬ ಹಾಸ್ಯ ಅಂಕಣಕಾರರ ಬರಹ ಒಟ್ಟುಮಾಡಿದ ಪ್ರಕರಣ

ಈ ಪ್ರಕರಣ ಮಂಡ್ಯದ ಒಬ್ಬ ಹೈಸ್ಕೂಲ್ ಮೇಷ್ಟ್ರದು. ಸರ್ಕಾರಿ ಶಾಲೇಲಿ ಕನ್ನಡ ಪಾಠ ಮಾಡ್ಕೊಂಡು, ಮೈಸೂರಿನ ಒಂದು ದಿನಪತ್ರಿಕೆಗೆ ಎರಡೂವರೆ ದಶಕ ವಾರಾ ವಾರಾ ಹಾಸ್ಯ ಅಂಕಣ ಬರ್ದವ್ರು, ಪ್ರತಿ ಅಂಕಣದ ಕೊನೇಲಿ ನಾಲ್ಕು ಸಾಲಿನ ಒಂದು ಚುಟುಕ ಇಡ್ತಿದ್ದವ್ರು, ಆದ್ರೆ ಬದುಕಿರೋವಾಗ ಒಂದು ಪುಸ್ತಕಾನೂ ತರ್ಲಿಲ್ಲ. ಮನೆಯವರು ಬೇಡ ಅಂದಿದ್ದಕ್ಕೆ ಇಲ್ಲಿ ಹೆಸರು ಹಾಕ್ತಿಲ್ಲ, ಪತ್ರಿಕೆ ಹೆಸರೂ ಬೇಡ. ನಾನು ಅವ್ರ ವಿದ್ಯಾರ್ಥಿ, ಈಗ ಮೈಸೂರಲ್ಲಿದೀನಿ. ಅವ್ರು ಹೋದ್ಮೇಲೆ ಬರಹಗಳನ್ನ ಒಟ್ಟುಮಾಡೋ ಕೆಲಸ ನಮ್ಮ ಕೆಲವ್ರ ಮೇಲೆ ಬಿತ್ತು, ಅದ್ರಲ್ಲಿ ಏನೇನು ಎದುರಾಯ್ತು, ಯಾವುದಕ್ಕೆ ಹೇಗೆ ದಾರಿ ಸಿಕ್ತು ಅನ್ನೋದನ್ನ ಪೂರ್ತಿ ಬರೀತಿದೀನಿ, ಯಾಕಂದ್ರೆ ಇಂಥ ಬರಹಗಾರರು ನಮ್ಮ ಪ್ರತಿ ಜಿಲ್ಲೇಲೂ ಇದಾರೆ ಮತ್ತೆ ಅವ್ರ ಮನೆಯವ್ರಿಗೆ ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳೋರು ಯಾರೂ ಇರಲ್ಲ.

ಮೊದ್ಲು ಅವ್ರ ಬಗ್ಗೆ. ಮದ್ದೂರು ಕಡೆ ಹಳ್ಳಿ, ಮನೇಲಿ ನಾಲೆ ನೀರಿನ ಗದ್ದೆ, ಒಂದಿಷ್ಟು ಕಬ್ಬು. ಓದಿದ್ದು ಮೈಸೂರಲ್ಲಿ, ಹಾಸ್ಟೆಲಲ್ಲಿದ್ದು. ಆಗ ಕೊರವಂಜಿ ಅನ್ನೋ ಹಾಸ್ಯ ಪತ್ರಿಕೆ ಇನ್ನೂ ಬರ್ತಿತ್ತು. ರಾಶಿ ಅಂತ ಹೆಸರಾಗಿದ್ದ ಡಾಕ್ಟರ್ ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಆ ಪತ್ರಿಕೆ 1967ರಲ್ಲಿ ನಿಂತೋಯ್ತು, ಆದ್ರೆ ಅಷ್ಟರಲ್ಲಿ ಹಳೇ ಮೈಸೂರಿನ ಒಂದು ತಲೆಮಾರಿಗೇ ನಗೋದು ಹೇಗೆ ಅಂತ ಕಲ್ಸಿತ್ತು. ನಾ. ಕಸ್ತೂರಿ ಅಂಥವ್ರು ಅದ್ರಲ್ಲಿ ಬರೀತಿದ್ರು, ಮಹಾರಾಜ ಕಾಲೇಜಲ್ಲಿ ಓದ್ತಿದ್ದಾಗ್ಲೇ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರ್ಕೊಟ್ಟಿದ್ರು. ಮೇಷ್ಟ್ರು ಹಳೇ ಸಂಚಿಕೆಗಳನ್ನ ಹುಡುಕಿ ಹುಡುಕಿ ಓದ್ತಿದ್ರಂತೆ. ಇನ್ನೊಂದು ಕಡೆ ಪ್ರಜಾವಾಣೀಲಿ ಟಿಯೆಸ್ಸಾರ್ ಅವ್ರ ಛೂಬಾಣ ಅಂಕಣ, ದಿನದ ರಾಜಕೀಯಕ್ಕೆ ಅವತ್ತೇ ಮುಟ್ಟಿಸ್ತಿದ್ದ ಬಿಸಿ. ಚುಟುಕಕ್ಕೆ ಅವ್ರ ಗುರು ದಿನಕರ ದೇಸಾಯಿ. ಮಂಡ್ಯದ ಮನುಷ್ಯ ಉತ್ತರ ಕನ್ನಡದವ್ರ ಹತ್ರ ಪದ್ಯ ಕಲ್ತಿದ್ದು ನಂಗೆ ಇವತ್ತಿಗೂ ಖುಷಿ ಕೊಡೋ ವಿಷಯ.

ಅಂಕಣ ಶುರುವಾಗಿದ್ದು ಎಂಬತ್ತರ ದಶಕದ ಮೊದಲಲ್ಲಿ. ಅದ್ರಲ್ಲಿ ಒಬ್ಬ ಖಾಯಂ ಪಾತ್ರ, ಆಲೆಮನೆ ತಾತ. ಬೆಲ್ಲ ಕಾಯ್ಸೋ ಕೊಪ್ಪರಿಗೆ ಮುಂದೆ ಕೂತ್ಕೊಂಡು, ಬಂದು ಹೋಗೋರ ಜೊತೆ ಮಾತಾಡ್ತಾ ಲೋಕದ ಸುದ್ದಿ ಎಲ್ಲ ಬಿಡಿಸಿಡೋ ಮುದುಕ. ಊರಿನ ಮಾತಲ್ಲೇ ಮಾತಾಡ್ತಾನೆ, ಒಂದಕ್ಷರ ಪುಸ್ತಕದ ಭಾಷೆ ಇಲ್ಲ. ಮಳೆ ಕೈಕೊಟ್ಟ ಒಂದು ವರ್ಷ ಮೊಮ್ಮಗ ಅವನನ್ನ ಬೃಂದಾವನಕ್ಕೆ ಕರ್ಕೊಂಡು ಹೋಗ್ತಾನೆ, ಸಂಗೀತ ಕಾರಂಜಿ ನೋಡಿ ತಾತ ಅಂತಾನೆ, "ನಮ್ ಗದ್ದೆಗಿಲ್ದಿರೋ ನೀರು ಇಲ್ಲಿ ಕುಣೀತಾ ಅದೆ ಕಣ್ಲಾ." ಇಷ್ಟೇ. ಬೈಗುಳ ಇಲ್ಲ, ಭಾಷಣ ಇಲ್ಲ. ಕೆಆರ್‌ಎಸ್ ಅಣೆಕಟ್ಟು ತುಂಬೋ ಮಟ್ಟ 124.80 ಅಡಿನ ನೀರು ಮುಟ್ತಾ ಇಲ್ವಾ ಅಂತ ದಿನಾ ಪೇಪರ್ ಬಿಡಿಸಿದ ತಕ್ಷಣ ನೋಡೋ ಜಿಲ್ಲೆ ನಮ್ದು, ಆ ಒಂದು ಮಾತು ಎಲ್ಲಿ ಹೋಗಿ ನಾಟಿರುತ್ತೆ ಅಂತ ಇಲ್ಲಿಯವ್ರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಚುಟುಕದ ರುಚಿಗೆ ಒಂದು:

ಕಬ್ಬು ಕೊಟ್ಟೋನ ಕೈಲಿ ಬರೀ ಚೀಟಿ,
ಬಾಕಿ ಕೇಳಕ್ಕೆ ಹೋದ್ರೆ ‘ನಾಳೆ ಬಾ’ ಧಾಟಿ,
ಸಕ್ಕರೆ ನಾಡಲ್ಲಿ ಹುಟ್ಟಿದ ನಮಗೆಲ್ಲ
ಸಕ್ಕರೆ ಕಾಯಿಲೆಯೊಂದೇ ಸರಿಯಾದ ಪಾವತಿ!

ಇದನ್ನ ಬರ್ದಾಗ ಅವ್ರಿಗೇ ಶುಗರ್ ಇತ್ತು. ದಸರಾ ಕವಿಗೋಷ್ಠೀಲಿ ಒಂದ್ಸಲ ಓದಿದಾಗ ಜನ ಮತ್ತೆ ಮತ್ತೆ ಓದ್ಸಿದ್ರಂತೆ. ಅವ್ರನ್ನ ಕವಿ ಅಂತ ವೇದಿಕೆ ಮೇಲೆ ಕೂರಿಸಿದ್ದು ಅಂಥ ಅಪರೂಪದ ದಿನಗಳಲ್ಲಿ ಮಾತ್ರ, ಉಳಿದಂತೆ ಊರಿಗೆ ಅವ್ರು ಮೇಷ್ಟ್ರು ಅಷ್ಟೇ, ಎಷ್ಟೋ ಜನಕ್ಕೆ ಆ ಅಂಕಣ ಇವ್ರದ್ದೇ ಅಂತಾನೂ ಗೊತ್ತಿರ್ಲಿಲ್ಲ. ಕಾರಣ, ಅವ್ರು ಬರೀತಿದ್ದಿದ್ದು ಬೇರೆ ಹೆಸರಲ್ಲಿ.

ಬೇರೆ ಹೆಸರು ಯಾಕೆ ಅನ್ನೋದು ಈ ಪ್ರಕರಣಕ್ಕೆ ಮುಖ್ಯ. 1966ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಆಗ ಸರ್ಕಾರಿ ನೌಕರ ಪತ್ರಿಕೆಗೆ ಬರೀಬೇಕಾದ್ರೆ ಅನುಮತಿ ಬೇಕಿತ್ತು, ಬರೀ ಸಾಹಿತ್ಯ, ಕಲೆ, ವಿಜ್ಞಾನದ ಬರಹ ಆದ್ರೆ ವಿನಾಯಿತಿ ಇತ್ತು, ಸರ್ಕಾರದ ನೀತಿನ ಟೀಕೆ ಮಾಡೋ ಹಾಗಿರ್ಲಿಲ್ಲ. ಈಗ ನೀವೇ ಹೇಳಿ, ಆಲೆಮನೆ ತಾತ ಕಬ್ಬಿನ ಬಾಕಿ ಬಗ್ಗೆ ಮಾತಾಡಿದ್ರೆ ಅದು ಸಾಹಿತ್ಯನೋ ಟೀಕೆನೋ? ಆ ಗೆರೆ ಮೇಲೇ ಅವ್ರು ಎರಡೂವರೆ ದಶಕ ನಡೆದ್ರು. ನಂಗನ್ಸೋದು, ಅವ್ರ ಹಾಸ್ಯಕ್ಕೆ ಆ ನಯ ಬಂದಿದ್ದೇ ಈ ಕಟ್ಟಿನಿಂದ. ನೇರವಾಗಿ ಬೈಯೋಕೆ ಆಗ್ದೇ ಇರೋನು ಮಾತನ್ನ ಎಷ್ಟು ಸಲ ಒರೆಗೆ ಹಚ್ತಾನೆ ನೋಡಿ. ಹೆಡ್ಮಾಸ್ಟರಿಗೆ ಗೊತ್ತಿತ್ತು, ಬಿಇಒ ಆಫೀಸಲ್ಲೂ ಒಬ್ಬಿಬ್ಬರಿಗೆ ಗೊತ್ತಿತ್ತು, ಎಲ್ರೂ ಓದಿ ನಕ್ಕು ಸುಮ್ನಿರ್ತಿದ್ರು. ಇಂಥ ಸುಮ್ನಿರೋರು ಇಲ್ದಿದ್ರೆ ಅಂಕಣ ನಾಲ್ಕು ವಾರಕ್ಕೇ ನಿಲ್ತಿತ್ತು ಅಂತ ಅವ್ರೇ ಹೇಳ್ತಿದ್ರು.

ಬರೆಯೋ ಪದ್ಧತಿ ಹೀಗೆ. ಗುರುವಾರ ರಾತ್ರಿ ಊಟ ಆದ್ಮೇಲೆ ಕೂತು, ಒಂದು ಬದಿ ಖಾಲಿ ಇರೋ ಪ್ರಶ್ನೆಪತ್ರಿಕೆ ಹಾಳೆ ಮೇಲೆ ಬರೀತಿದ್ರು. ಶುಕ್ರವಾರ ಬೆಳಿಗ್ಗೆ ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕವರ್. ಪತ್ರಿಕೆ ಕಡೆ ಹುಡುಗ ಬಸ್ ಸ್ಟ್ಯಾಂಡಲ್ಲಿ ಇಸ್ಕೋತಿದ್ದ. ಆಗಿನ್ನೂ ಮೊಳೆ ಜೋಡ್ಸಿ ಅಚ್ಚು ಹಾಕ್ತಿದ್ದ ಕಾಲ, ‘ಓಗ್ಬುಟ್ಟು’, ‘ಬತ್ತವ್ನೆ’ ಅಂತ ಬರ್ದಿದ್ದನ್ನ ಕಂಪೋಸಿಟರ್ ತಪ್ಪು ಅಂದ್ಕೊಂಡು ತಿದ್ದಿಬಿಡ್ತಿದ್ದ, ಮೇಷ್ಟ್ರು ಒಂದಿನ ಮೈಸೂರಿಗೇ ಹೋಗಿ ಅವನ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು, ಈ ತಾತ ಹೀಗೇ ಮಾತಾಡೋದು ಕಣಪ್ಪ ಅಂತ ಓದಿ ತೋರ್ಸಿ ಬಂದ್ರಂತೆ, ಆಮೇಲೆ ಆ ಕಂಪೋಸಿಟರ್ರೇ ಅಂಕಣದ ಮೊದಲ ಅಭಿಮಾನಿ ಆದ್ರು. ಸಂಭಾವನೆ ಹೇಳ್ಕೊಳ್ಳೋ ಅಂಥದ್ದೇನಲ್ಲ. ಆಮೇಲೆ ಆಫ್‌ಸೆಟ್ ಬಂತು, ಡಿಟಿಪಿ ಬಂತು, ಮಗ ಕಂಪ್ಯೂಟರ್ ತಂದ್ಕೊಟ್ಟ. ನಿವೃತ್ತಿ ಆದ್ಮೇಲೂ ಕೆಲವು ವರ್ಷ ಬರೆದು, ಕಣ್ಣು ಮಂಜಾಗ್ತಾ ಬಂದಾಗ ನಿಲ್ಸಿದ್ರು.

ಅವ್ರು ತೀರ್ಕೊಂಡ್ಮೇಲೆ ಮನೇಲಿ ಸಿಕ್ಕಿದ್ದು ಒಂದು ಟ್ರಂಕು. ತುಂಬಾ ಕಟಿಂಗು. ಅಮ್ಮ, ಅಂದ್ರೆ ಮೇಷ್ಟ್ರ ಹೆಂಡ್ತಿ, ಪ್ರತಿ ವಾರ ಕತ್ತರಿಸಿ ಹಳೇ ಹಾಜರಿ ಪುಸ್ತಕಗಳಲ್ಲಿ ಮೈದಾ ಅಂಟು ಹಾಕಿ ಅಂಟಿಸಿದ್ರು. ಅಂಕಣದ ಅಂಚಿಗೇ ಸರಿಯಾಗಿ ಕತ್ತರಿ ಆಡ್ಸಿದ್ದಕ್ಕೆ ಪುಟದ ನೆತ್ತಿ ಮೇಲಿದ್ದ ತಾರೀಖು ಒಂದ್ರಲ್ಲೂ ಇಲ್ಲ. "ಅವ್ರು ಬರ್ದಿದ್ದನ್ನ ಇಟ್ಕೊಂಡ್ರೆ ಸಾಕು ಅನ್ನಿಸ್ತು ಕಣಪ್ಪ, ದಿನ ಯಾಕೆ ಬೇಕು" ಅಂದ್ರು ಅಮ್ಮ. ಅವ್ರ ಶ್ರದ್ಧೆ ಇಲ್ದಿದ್ರೆ ಇವತ್ತು ಮಾತಾಡೋಕೆ ಏನೂ ಉಳೀತಿರ್ಲಿಲ್ಲ, ಅದನ್ನ ಇಲ್ಲಿ ದಪ್ಪ ಅಕ್ಷರದಲ್ಲಿ ಬರೀಬೇಕು ಅಂತಿದೆ ನಂಗೆ. ಪತ್ರಿಕೆ ಆಫೀಸಲ್ಲಿ ಬೈಂಡ್ ಮಾಡ್ಸಿದ ಹಳೇ ಫೈಲುಗಳಲ್ಲಿ ಅರ್ಧ ಗೆದ್ದಲಿಗೆ ಹೋಗಿತ್ತು. ನ್ಯೂಸ್‌ಪ್ರಿಂಟ್ ಮರದ ತಿರುಳಿಂದ ಮಾಡೋ ಅಗ್ಗದ ಕಾಗದ, ಅದ್ರೊಳಗಿನ ಲಿಗ್ನಿನ್ ಬೆಳಕಿಗೆ ಗಾಳಿಗೆ ಹಳದಿ ಆಗುತ್ತೆ, ಆಮ್ಲ ಹುಟ್ಟಿ ಒಣ ಎಲೆ ಥರ ಪುಡಿಯಾಗುತ್ತೆ. ನಮ್ಮ ಕೈಲೇ ಅಂಚುಗಳು ಉದುರ್ತಿತ್ತು. ಹಂಗಾಗಿ ಮೊದಲ ಕೆಲಸ ಫೋಟೋ. ಸ್ಕ್ಯಾನರ್ ಮೇಲೆ ಪುಸ್ತಕ ಮಗುಚಿ ಒತ್ತಿದ್ರೆ ಹರಿಯುತ್ತೆ, ಅದಕ್ಕೆ ಕಿಟಕಿ ಬೆಳಕಲ್ಲಿ ಮೇಲಿಂದ ಫೋಟೋ ತೆಗೆಯೋದೇ ಸರಿ ಅಂತ ಹಂಗೇ ಮಾಡಿದ್ವಿ.

ತಾರೀಖು ಯಾಕೆ ಬೇಕು ಅನ್ನೋದೇ ಈ ಇಡೀ ಪ್ರಕರಣದ ತಿರುಳು. ಕತೆಗೆ, ಪದ್ಯಕ್ಕೆ ತಾರೀಖಿಲ್ದೆ ನಡೆಯುತ್ತೆ. ಹಾಸ್ಯ ಅಂಕಣಕ್ಕೆ ನಡಿಯಲ್ಲ. ಅದು ಅವತ್ತಿನ ಸುದ್ದಿಗೆ ಕೊಟ್ಟ ಉತ್ತರ, ಪ್ರಶ್ನೆ ಯಾವುದು ಅಂತ ಗೊತ್ತಿಲ್ದೆ ಉತ್ತರ ಓದಿದ್ರೆ ಸಪ್ಪೆ. ಕೆಲವಕ್ಕೆ ಒಳಗೇ ಸುಳಿವಿತ್ತು. ತಾತ ಗಣೇಶನಿಗೆ ಚಮಚದಲ್ಲಿ ಹಾಲು ಕುಡಿಸೋಕೆ ಕ್ಯೂ ನಿಂತಿದ್ದು ಅಂದ್ರೆ 1995ರ ಸೆಪ್ಟೆಂಬರ್ 21ರ ಹಿಂದೆ ಮುಂದೆ. ದೇವೇಗೌಡ್ರು ಪ್ರಧಾನಿ ಆಗಿ ಡೆಲ್ಲಿಗೆ ಹೋದ್ರು ಅಂತ ಊರೆಲ್ಲ ಮುದ್ದೆ ಊಟ ಹಾಕಿಸಿದ್ದು 1996ರ ಜೂನ್. ಅಣ್ಣಾವ್ರು ಕಾಡಲ್ಲಿದಾರೆ, ಆಲೆಮನೆ ರೇಡಿಯೋ ಆರಿಸ್ಬೇಡ್ರೋ ಅಂತ ತಾತ ಗೋಳಾಡೋ ಕಂತುಗಳು ರಾಜ್‌ಕುಮಾರ್ ವೀರಪ್ಪನ್ ಸೆರೇಲಿದ್ದ 2000ದ ಜುಲೈ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಬಂದಿರ್ಬೇಕು. ಚದುರಂಗರು ಅಧ್ಯಕ್ಷರಾಗಿದ್ದ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲಿ ನಡೆದಿದ್ದು 1994ರಲ್ಲಿ, ಆ ವಾರ ತಾತ ಊಟದ ಪಂಕ್ತಿ ಬಿಟ್ಟು ಗೋಷ್ಠಿಗೆ ಹೋಗಿ ಕೂತಿದ್ದಕ್ಕೆ ಅಜ್ಜಿ ಹತ್ರ ಬೈಸ್ಕೋತಾನೆ.

ಸುಳಿವೇ ಇಲ್ದೇ ಇರೋವು ಕಷ್ಟ ಆಯ್ತು. ಅದಕ್ಕೊಂದು ಉಪಾಯ ಮಾಡಿದ್ವಿ, ಇದು ಬೇರೆಯವ್ರಿಗೂ ಉಪಯೋಗ ಆಗುತ್ತೆ ಅಂತ ವಿವರವಾಗಿ ಹೇಳ್ತೀನಿ. ಕಟಿಂಗ್‌ನ ಹಿಂಬದೀಲಿ ಆ ದಿನದ ಬೇರೆ ಪುಟ ಇರುತ್ತಲ್ಲ, ಸಿನಿಮಾ ಜಾಹೀರಾತು, ಟೆಂಡರ್ ಪ್ರಕಟಣೆ, ಕೆಆರ್‌ಎಸ್ ಮಟ್ಟ, ಶ್ರದ್ಧಾಂಜಲಿ. ಅಂಟಿಸಿದ್ರಿಂದ ಅದು ಮುಚ್ಚಿಹೋಗಿದೆ. ಒದ್ದೆ ಮಾಡಿ ಬಿಡಿಸೋಕೆ ಹೋದ್ರೆ ಕಾಗದ ಕರಗುತ್ತೆ. ಆದ್ರೆ ಹಾಜರಿ ಪುಸ್ತಕದ ಹಾಳೆ ತೆಳು, ಅದ್ರ ಹಿಂದೆ ಫೋನಿನ ಟಾರ್ಚ್ ಹಿಡಿದು ಕತ್ತಲೆ ರೂಮಲ್ಲಿ ಮುಂದಿನಿಂದ ಫೋಟೋ ತೆಗೆದ್ರೆ ಹಿಂಬದಿ ಅಕ್ಷರ ಉಲ್ಟಾ ಆಗಿ ನೆರಳು ನೆರಳಾಗಿ ಕಾಣುತ್ತೆ. ಆ ಫೋಟೋನ ಫೋನಲ್ಲೇ ಕನ್ನಡಿ ಥರ ತಿರುಗಿಸಿದ್ರೆ ಓದಬಹುದು. ಎರಡೂ ಬದಿ ಅಕ್ಷರ ಒಂದ್ರ ಮೇಲೊಂದು ಬಿದ್ದಿರುತ್ತೆ, ತಾಳ್ಮೆ ಬೇಕು. ಮೇಷ್ಟ್ರ ಮೊಮ್ಮಗಳು ಪಿಯುಸಿ ಓದೋ ಹುಡುಗಿ, ಅವಳ ಕಣ್ಣಿಗೆ ಸಿಕ್ಕಷ್ಟು ನಮ್ಗ್ಯಾರಿಗೂ ಸಿಗ್ಲಿಲ್ಲ.

ಹಾಗೆ ಸಿಕ್ಕಿದ ಒಂದು ಅಂಕಣದ ಬಗ್ಗೆ ಹೇಳ್ಲೇಬೇಕು. ಮೊದಲ ಓದಿಗೆ ಅದನ್ನ ಪಕ್ಕಕ್ಕಿಟ್ಟಿದ್ವಿ, ಏನೂ ಇಲ್ಲ ಅಂತ. ಆಲೆಮನೆಗೆ ಒಬ್ಬ ತಮಿಳು ಮಾತಾಡೋ ಕೂಲಿ ಆಳು ಬರ್ತಾನೆ, ತಾತ ಅವನಿಗೆ ಬಿಸಿ ಬೆಲ್ಲ ಕೊಡ್ತಾನೆ, ಅವನು ತಗೊಳ್ಳೋಕೆ ಹಿಂಜರೀತಾನೆ, ತಾತ ಅಂತಾನೆ, "ನೀರಿನ್ ಜಗ್ಳ ದೊಡ್ಡೋರ್ದು ಕಣಪ್ಪ, ನೀನ್ ಬೆಲ್ಲ ತಿನ್ನು." ನಗು ಕಮ್ಮಿ, ಕೊನೇಲಿ ಚುಟುಕಾನೂ ಇಲ್ಲ. ಯಾವತ್ತಾದ್ರೂ ಬರೀಬಹುದಾದ ಒಂದು ಒಳ್ಳೇ ಮಾತು ಅಂದ್ಕೊಂಡ್ವಿ. ಟಾರ್ಚ್ ಹಿಡಿದಾಗ ಹಿಂಬದೀಲಿ ಟೆಂಡರ್ ಪ್ರಕಟಣೆ, ಅರ್ಜಿ ಹಾಕೋಕೆ ಕೊನೇ ದಿನ 1992ರ ಜನವರಿ ಮೊದಲ ವಾರ. ಅಂದ್ರೆ ಅಂಕಣ ಬಂದಿದ್ದು 1991ರ ಡಿಸೆಂಬರ್. ಕಾವೇರಿ ಟ್ರಿಬ್ಯುನಲ್ ಆ ಜೂನಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಿ ಅಂತ ಮಧ್ಯಂತರ ಆದೇಶ ಕೊಟ್ಟು, ಡಿಸೆಂಬರಲ್ಲಿ ಅದು ಕೇಂದ್ರದ ಗೆಜೆಟ್‌ನಲ್ಲಿ ಬಂದ್ಮೇಲೆ ಬೆಂಗಳೂರು, ಮೈಸೂರು ಕಡೆ ತಮಿಳರ ಮೇಲೆ ಹಲ್ಲೆ, ಬೆಂಕಿ, ಜೀವ ಹೋಗಿದ್ದು ಎಲ್ಲ ನಡೀತಲ್ಲ, ಅದೇ ದಿನಗಳು. ಮಂಡ್ಯದೊಳಗೆ ಕೂತು, ನಾಲೆ ನೀರು ನಂಬ್ಕೊಂಡಿರೋ ಮನೆಯವ್ರು, ಸರ್ಕಾರಿ ನೌಕರ, ಆ ವಾರ ಇದನ್ನ ಬರ್ದಿದಾರೆ. ತಾರೀಖು ಸಿಕ್ಕ ಮೇಲೆ ಅಮ್ಮನನ್ನ ಕೇಳಿದ್ವಿ. "ಹೂಂ, ಅವತ್ತು ನಾಲ್ಕೈದು ಜನ ಮನೆ ಮುಂದೆ ಬಂದು ಕೂಗಾಡಿ ಹೋದ್ರು, ಯಾರೋ ಹೆಸರು ಹೇಳ್ಬಿಟ್ಟಿದ್ರು, ಇವ್ರು ಬಾಗಿಲು ತೆಗೆದು ಕಾಫಿ ಕುಡೀತೀರಾ ಅಂತ ಕೇಳಿದ್ರು" ಅಂದ್ರು. ಇಷ್ಟು ವರ್ಷ ಯಾರಿಗೂ ಹೇಳಿರ್ಲಿಲ್ಲ. ಯಾರೂ ಕೇಳಿರ್ಲಿಲ್ಲ ಅಷ್ಟೇ. ನನ್ನ ಮಟ್ಟಿಗೆ ಅವ್ರ ಇಡೀ ಬರವಣಿಗೇಲಿ ದೊಡ್ಡ ಪುಟ ಇದು, ಒಂದು ಟೆಂಡರ್ ಪ್ರಕಟಣೆ ಇಲ್ದಿದ್ರೆ ಪುಸ್ತಕದಿಂದ ಹೊರಗೆ ಉಳೀತಿತ್ತು.

ಕೊನೇ ವರ್ಷಗಳ ಅಂಕಣ ಕಂಪ್ಯೂಟರಲ್ಲಿತ್ತು, ಅದು ಸುಲಭ ಅಂದ್ಕೊಂಡಿದ್ವಿ. ಫೈಲ್ ತೆಗೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಮೇಲೆ ಕೆಳಗೆ ಚುಕ್ಕೆ ಗೀಟು. ಯೂನಿಕೋಡ್ ರೂಢಿಗೆ ಬರೋ ಮುಂಚೆ ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕೂತಿರುತ್ತೆ, ಆ ಫಾಂಟ್ ಇದ್ರೆ ಮಾತ್ರ ಕನ್ನಡ ಕಾಣುತ್ತೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗ್ತವೆ, ಮುಕ್ಕಾಲು ಪಾಲು ಸರಿ ಬರುತ್ತೆ, ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತೆ, ಕೂತು ಸಾಲು ಸಾಲು ನೋಡ್ಬೇಕು. ಮನೇಲಿ ಹಳೇ ಕಂಪ್ಯೂಟರ್ ಇರೋರು ಅದು ಕೆಡೋಕೆ ಮುಂಚೆ ಫೈಲ್ ಜೊತೆ ಆ ಫಾಂಟನ್ನೂ ತೆಗೆದಿಟ್ಕೊಳ್ಳಿ.

ಆಮೇಲೆ ಹಕ್ಕಿನ ಪ್ರಶ್ನೆ. ಅಂಕಣ ಪತ್ರಿಕೇದಾ, ಮನೆಯವರದಾ? ಎಲ್ರೂ ಪತ್ರಿಕೇದೇ ಅಂದ್ರು. ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ 17ನೇ ಸೆಕ್ಷನ್ ಪ್ರಕಾರ ಪತ್ರಿಕೆಯ ಸಂಬಳದ ನೌಕರ ಬರೆದ್ರೂ ಕೂಡ, ಬೇರೆ ಒಪ್ಪಂದ ಇಲ್ದಿದ್ರೆ, ಮಾಲೀಕನಿಗೆ ಸಿಗೋದು ಪತ್ರಿಕೇಲಿ ಅಚ್ಚು ಹಾಕೋ ಹಕ್ಕು ಮಾತ್ರ, ಪುಸ್ತಕ ಮಾಡೋದು ಇತ್ಯಾದಿ ಉಳಿದದ್ದೆಲ್ಲ ಬರೆದವನದ್ದೇ. ಮೇಷ್ಟ್ರು ಅಲ್ಲಿ ನೌಕರರೂ ಅಲ್ಲ, ಹೊರಗಿನಿಂದ ಬರೀತಿದ್ದವ್ರು. ಹಕ್ಕು ಬೇರೆಯವ್ರಿಗೆ ಕೊಡೋದಿದ್ರೆ ಬರಹದಲ್ಲಿ ಸಹಿ ಮಾಡಿ ಕೊಟ್ಟಿರ್ಬೇಕು, ಅಂಥ ಕಾಗದ ಯಾವುದೂ ಇಲ್ಲ, ಇದ್ದಿದ್ರೂ ಅವಧಿ ನಮೂದಿಸದಿದ್ರೆ ಕಾನೂನು ಅದನ್ನ 5 ವರ್ಷ ಅಂತ ಎಣಿಸುತ್ತೆ. ಬೇರೆ ಹೆಸರಲ್ಲಿ ಬರೆದಿದ್ದಕ್ಕೆ ಇನ್ನೊಂದು ಗಂಟು: ಲೇಖಕ ಯಾರು ಅಂತ ಬಹಿರಂಗ ಆಗ್ದೇ ಇದ್ರೆ ಹಕ್ಕು ಪ್ರಕಟವಾದ ವರ್ಷದಿಂದ 60 ವರ್ಷ, ಆ ಅವಧಿಯೊಳಗೆ ನಿಜ ಹೆಸರು ಹೊರಗೆ ಬಂದ್ರೆ ಅವ್ರು ತೀರ್ಕೊಂಡ ನಂತರ 60 ವರ್ಷ. ಪುಸ್ತಕದಲ್ಲಿ ಎರಡೂ ಹೆಸರು ಹಾಕೋಣ ಅಂತ ಮನೆಯವ್ರು ತೀರ್ಮಾನ ಮಾಡಿದ್ದಕ್ಕೆ ಇದೂ ಒಂದು ಕಾರಣ. ಉಯಿಲು ಬರ್ದಿರ್ಲಿಲ್ಲ, ಹಂಗಾಗಿ ಅಮ್ಮ, ಮಗ, ಮಗಳು ಮೂರೂ ಜನರ ಒಪ್ಪಿಗೆ ಬೇಕು. ಪತ್ರಿಕೆಯವ್ರು ಮಾತ್ರ ಒಳ್ಳೇ ಮನಸ್ಸಿಂದ ನಮ್ದೇನೂ ಅಭ್ಯಂತರ ಇಲ್ಲ ಅಂತ ಪತ್ರ ಬರ್ಕೊಟ್ರು.

ಸಂಪಾದನೆ ಮಾಡೋವಾಗ ಜಾಸ್ತಿ ಚರ್ಚೆ ಆಗಿದ್ದು ಎರಡು ವಿಷಯಕ್ಕೆ. ಒಂದು, ತಾತನ ಭಾಷೆ. ಮೊದ್ಲು ಕೇಳಿದ ಪ್ರಕಾಶಕರು ಬೇರೆ ಜಿಲ್ಲೆಯವ್ರಿಗೆ ಅರ್ಥ ಆಗಲ್ಲ, ‘ಅದೆ’ ಇರೋ ಕಡೆ ‘ಇದೆ’ ಮಾಡಿ ಅಂದ್ರು. ಒಪ್ಲಿಲ್ಲ. ಕಂಪೋಸಿಟರ್ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು ಉಳಿಸ್ಕೊಂಡ ಭಾಷೆನ ಅವ್ರು ಇಲ್ದಾಗ ನಾವು ತಿದ್ದೋಕೆ ಯಾರು? ಲೇಖಕನ ಕೃತಿ ತಿರುಚದ ಹಾಗೆ ಕಾಯೋ ಹಕ್ಕು 57ನೇ ಸೆಕ್ಷನ್ನಲ್ಲಿ ವಾರಸುದಾರರಿಗೂ ಇದೆ, ಆದ್ರೆ ಕಾನೂನು ಇಲ್ದಿದ್ರೂ ನಾನು ಇದೇ ಹೇಳ್ತಿದ್ದೆ. ಎರಡನೇದು ಇನ್ನೂ ಕಷ್ಟ. ಮೊದಲ ವರ್ಷಗಳ ಕೆಲವು ಅಂಕಣಗಳಲ್ಲಿ ಉಗ್ಗೋ ಮನುಷ್ಯನನ್ನ ಅಣಕ ಮಾಡಿದ್ದು, ಹೆಂಡ್ತಿ ಅಡುಗೆ ಬಗ್ಗೆ ಅದೇ ಹಳೇ ಜೋಕು, ಇಂಥವು ಇದಾವೆ. ಮಗ ಎಲ್ಲ ಇರ್ಲಿ, ಅಪ್ಪ ಹೇಗಿದ್ರೋ ಹಾಗೇ ಕಾಣ್ಲಿ ಅಂದ್ರು. ಅಮ್ಮ ಖಡಾಖಂಡಿತ ಹೇಳಿದ್ರು, "ಅವ್ರೇ ಆಮೇಲೆ ಅಂಥದ್ದು ಬರ್ಯೋದ್ ಬಿಟ್ರಲ್ಲ, ಬಿಟ್ಟಿದ್ದನ್ನ ನೀವ್ಯಾಕೆ ಹೊರ್ತೀರಿ." ಕೊನೆಗೆ ಆ ಅಂಕಣಗಳನ್ನ ಪುಸ್ತಕದಿಂದ ಬಿಟ್ಟು, ಶೀರ್ಷಿಕೆ ಮತ್ತೆ ತಾರೀಖು ಮಾತ್ರ ಹಿಂದಿನ ಪಟ್ಟೀಲಿ ಕೊಟ್ಟಿದೀವಿ, ಒಳಗಿನ ಒಂದು ಪದಾನೂ ಎಲ್ಲೂ ಬದಲಾಯಿಸಿಲ್ಲ. ಬೇಕಾದೋರು ಹುಡುಕ್ಕೋಬಹುದು. ಅಮ್ಮನ ಮಾತೇ ಸರಿ ಅಂತ ನನ್ನ ಅಭಿಪ್ರಾಯ, ಮಗನಿಗೆ ಇನ್ನೂ ಸಮಾಧಾನ ಇಲ್ಲ.

ಹಳೇ ಪತ್ರಿಕೆ ಬರಹ ಯಾರು ಕೊಂಡ್ಕೋತಾರೆ ಅನ್ನೋ ಮಾತು ಬೇಕಾದಷ್ಟು ಕೇಳಿದ್ವಿ. ಮೈಸೂರಲ್ಲೇ ಇದ್ದ ಹಾ.ಮಾ. ನಾಯಕರ ಅಂಕಣ ಸಂಕಲನ ಸಂಪ್ರತಿಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅಂಕಣ ಸಾಹಿತ್ಯ ಹೌದಾ ಅಲ್ವಾ ಅನ್ನೋದು ಅವತ್ತೇ ತೀರ್ಮಾನ ಆಗಿದೆ ಅಂತ ನಾನು ಪ್ರತಿ ಸಲ ಹೇಳ್ತಿದ್ದೆ. ಆದ್ರೆ ಗಂಭೀರ ಅಂಕಣಕ್ಕೆ ಸಿಕ್ಕ ಆ ಗೌರವ ನಗಿಸೋ ಅಂಕಣಕ್ಕೆ ಇನ್ನೂ ಪೂರ್ತಿ ಸಿಕ್ಕಿಲ್ಲ, ಇದು ನಂಗೆ ನಿಜವಾಗ್ಲೂ ನೋವಿನ ಸಂಗತಿ. ಮಂಡ್ಯದ ಎಂಬತ್ತು ತೊಂಬತ್ತರ ದಶಕದ ರೈತನ ಮನೆ ಮಾತು, ಕಬ್ಬಿನ ಲೆಕ್ಕ, ನಾಲೆ ಜಗಳ, ಮದುವೆ ಸಾಲ ಇವೆಲ್ಲ ಯಾವ ಸರ್ಕಾರಿ ಕಡತದಲ್ಲೂ ಈ ಥರ ಉಸಿರಾಡ್ತಾ ಸಿಗಲ್ಲ.

ಈಗ ಪುಸ್ತಕ ಮೈಸೂರಿನ ಒಂದು ಸಣ್ಣ ಪ್ರಕಾಶನದ ಹತ್ರ ಇದೆ, ಎರಡನೇ ಪ್ರೂಫ್ ನೋಡಾಯ್ತು. ಪ್ರತಿ ಅಂಕಣದ ಕೆಳಗೆ ತಾರೀಖು, ಆ ವಾರ ಏನಾಗಿತ್ತು ಅಂತ ಎರಡು ಮೂರು ಸಾಲು, ಅಷ್ಟೇ, ಜೋಕನ್ನ ಬಿಡಿಸಿ ಹೇಳೋಕೆ ಹೋಗಿಲ್ಲ. ಚುಟುಕಗಳನ್ನ ಅಂಕಣದಿಂದ ಬೇರ್ಪಡಿಸಿ ಬೇರೆ ಪುಸ್ತಕ ಮಾಡಿ ಅಂತ ಸಲಹೆ ಬಂತು, ಅದನ್ನೂ ಮಾಡ್ಲಿಲ್ಲ, ಯಾವ ಅಂಕಣದ ಬಾಲವೋ ಅಲ್ಲೇ ಇರ್ಬೇಕು. ತಾರೀಖು ಸಿಗದ ಕಟಿಂಗ್‌ಗಳು ಇನ್ನೂ ಒಂದು ಹಾಜರಿ ಪುಸ್ತಕದಷ್ಟಿವೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಗೆ 1956ರ ತಿದ್ದುಪಡಿಯಾದ ಮೇಲೆ ಪತ್ರಿಕೆಗಳನ್ನೂ ಕಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸ್ಬೇಕು ಅಂತಿದೆ, ಅಲ್ಲಿ ಆ ವರ್ಷಗಳ ಸಂಚಿಕೆ ಇದ್ರೆ ಮೇಷ್ಟ್ರ ಮೊಮ್ಮಗಳು ಪರೀಕ್ಷೆ ಮುಗಿಸ್ಕೊಂಡು ಹೋಗಿ ನೋಡ್ತೀನಿ ಅಂತಿದಾಳೆ. ಅದಕ್ಕೆ ಮುಂಚೆ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ ಕಡೆ ಯಾರ ಮನೆ ಅಟ್ಟದಲ್ಲಾದ್ರೂ ಎಂಬತ್ತೈದರಿಂದ ತೊಂಬತ್ತರೊಳಗಿನ ಮೈಸೂರು ಪೇಪರ್‌ಗಳ ಕಟ್ಟು ಇದ್ರೆ ರದ್ದಿಗೆ ಹಾಕೋ ಮುಂಚೆ ಭಾನುವಾರದ ಪುಟಗಳನ್ನ ಒಂದ್ಸಲ ತೆಗೆದು ನೋಡಿ, ಆಲೆಮನೆ ತಾತ ಕಂಡ್ರೆ ಮೇಲುಗಡೆ ತಾರೀಖಿನ ಸಮೇತ ಫೋಟೋ ತೆಗೆದಿಡಿ.